ನಾಲ್ಕರ ಲೆಕ್ಕ, ನ್ಯಾಯದ ಷರತ್ತು

ಮುಸ್ಲಿಂ ಪುರುಷನೊಬ್ಬ ತನ್ನ ಮೂರನೇ ಮದುವೆಯನ್ನು ಸರಕಾರಿ ಕಡತದಲ್ಲಿ ನೋಂದಾಯಿಸಬಹುದೇ? ಈ ಪ್ರಶ್ನೆ ನೆರೆಯ ಥಾಣೆ ಮಹಾನಗರ ಪಾಲಿಕೆಯ ಕಚೇರಿಯಿಂದ ಮುಂಬಯಿ ಉಚ್ಚ ನ್ಯಾಯಾಲಯದ ತನಕ ಹೋಯಿತು. ಕಾಯ್ದೆಯಲ್ಲಿ ಮದುವೆ ಎಂದರೆ ಒಂದೇ ಮದುವೆ ಎಂಬುದು ಅಧಿಕಾರಿಗಳ ವಾದವಾಗಿತ್ತು. 2024ರ ಅಕ್ಟೋಬರಿನಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 1998ರ ಮಹಾರಾಷ್ಟ್ರ ವಿವಾಹ ನೋಂದಣಿ ಕಾಯ್ದೆಯಲ್ಲಿ ಅಂತಹ ನಿರ್ಬಂಧವಿಲ್ಲ, ಮುಸ್ಲಿಂ ವೈಯಕ್ತಿಕ ಕಾನೂನಿನಂತೆ ಏಕಕಾಲಕ್ಕೆ ನಾಲ್ವರು ಪತ್ನಿಯರಿರಬಹುದು ಎಂದಿತು. ಆತನ ಎರಡನೇ ಮದುವೆಯನ್ನು ಅದೇ ಕಚೇರಿ ಮೊದಲೇ ನೋಂದಾಯಿಸಿತ್ತು ಎಂಬುದೂ ಹೊರಬಂತು.

ಸುದ್ದಿ ಓದಿದ ಹೆಚ್ಚಿನವರಿಗೆ ನೆನಪುಳಿದದ್ದು ನಾಲ್ಕು ಎಂಬ ಅಂಕೆ ಮಾತ್ರ. ಆದರೆ ಕುರ್‌ಆನಿನ ನಾಲ್ಕನೇ ಅಧ್ಯಾಯದ 3ನೇ ಸೂಕ್ತದಲ್ಲಿ ಈ ಅನುಮತಿ ಬರುವುದು ಅನಾಥರ ಪಾಲನೆಯ ಸಂದರ್ಭದಲ್ಲಿ; ಪತ್ನಿಯರ ನಡುವೆ ನ್ಯಾಯ ಪಾಲಿಸಲಾರೆವೆಂಬ ಭಯವಿದ್ದರೆ ಒಬ್ಬಳೇ ಸಾಕು ಎಂದು ಅಲ್ಲೇ ಹೇಳಿದೆ. ಅದೇ ಅಧ್ಯಾಯದ 129ನೇ ಸೂಕ್ತವು, ಎಷ್ಟೇ ಬಯಸಿದರೂ ಪೂರ್ಣ ಸಮಾನತೆ ನಿಮ್ಮಿಂದಾಗದು ಎಂದು ಎಚ್ಚರಿಸುತ್ತದೆ. ಇದು ಗಂಡನ ಆತ್ಮಸಾಕ್ಷಿಗೆ ಬಿಟ್ಟದ್ದೋ, ಕಾಜಿ ಅಥವಾ ನ್ಯಾಯಾಲಯ ವಿಚಾರಿಸಬೇಕಾದದ್ದೋ ಎಂಬ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಪಾಕಿಸ್ತಾನದಲ್ಲಿ 1961ರ ಕಾನೂನಿನಂತೆ ಎರಡನೇ ಮದುವೆಗೆ ಮಂಡಳಿಯ ಲಿಖಿತ ಅನುಮತಿ ಬೇಕು. ಟ್ಯುನೀಶಿಯಾ 1956ರಲ್ಲೇ ಬಹುಪತ್ನಿತ್ವವನ್ನು ನಿಷೇಧಿಸಿತು. ನಮ್ಮಲ್ಲಿ ಮೊದಲ ಪತ್ನಿಯ ಒಪ್ಪಿಗೆ ಕೇಳಬೇಕೆಂಬ ನಿಯಮವಿಲ್ಲ. ಮದುವೆ ಮುಗಿದ ಮೇಲೆ ಅವಳು ನ್ಯಾಯಾಲಯಕ್ಕೆ ಹೋಗಬಹುದು, ಅಷ್ಟೇ. ಪತ್ನಿಯರನ್ನು ಸಮನಾಗಿ ನೋಡದಿದ್ದರೆ 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯಂತೆ ಬಿಡುಗಡೆ ಕೇಳಬಹುದು. ಗಂಡನ ಎರಡನೇ ಮದುವೆ ಕಾನೂನುಬದ್ಧವಾದರೂ ಮೊದಲ ಪತ್ನಿಗೆ ಅದು ಕ್ರೌರ್ಯವಾಗಬಹುದು ಎಂದು ಕರ್ನಾಟಕ ಉಚ್ಚ ನ್ಯಾಯಾಲಯದ ಕಲಬುರಗಿ ಪೀಠ 2020ರಲ್ಲಿ ಹೇಳಿದೆ.

ಹಾಗೆಂದು ಇದನ್ನು ಒಂದು ಸಮಾಜದತ್ತ ಬೆರಳು ತೋರಿಸುವ ನೆಪ ಮಾಡಿಕೊಳ್ಳುವುದು ಸರಿಯಲ್ಲ. ಮುಂಬಯಿ ಪ್ರಾಂತ್ಯದಲ್ಲಿ 1946ರ ಕಾಯ್ದೆ ಬರುವ ತನಕ ಹಿಂದೂ ಪುರುಷನಿಗೆ ನಾಲ್ಕರ ಮಿತಿಯೂ ಇರಲಿಲ್ಲ. ನಮಗೆ ಮಾತ್ರ ಯಾಕೆ ಎಂಬ ಆಕ್ಷೇಪ ಆಗಲೂ ಎದ್ದಿತ್ತು. ನ್ಯಾಯಮೂರ್ತಿಗಳಾದ ಛಾಗ್ಲಾ ಮತ್ತು ಗಜೇಂದ್ರಗಡ್ಕರ್ 1951ರಲ್ಲಿ ಇದೇ ಉಚ್ಚ ನ್ಯಾಯಾಲಯದಲ್ಲಿ ಆ ಕಾಯ್ದೆಯನ್ನು ಎತ್ತಿಹಿಡಿದರು. ಇನ್ನು ಅಂಕಿಅಂಶ. ದೇವನಾರ್‌ನ ಜನಸಂಖ್ಯಾ ವಿಜ್ಞಾನ ಸಂಸ್ಥೆ ನಡೆಸಿದ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಗಂಡನಿಗೆ ಬೇರೆ ಪತ್ನಿಯೂ ಇದ್ದಾಳೆ ಎಂದ ಮಹಿಳೆಯರು ಮುಸ್ಲಿಮರಲ್ಲಿ ಶೇ. 1.9, ಹಿಂದೂಗಳಲ್ಲಿ ಶೇ. 1.3.

ಬ್ಯಾಂಕಿನ ಕೌಂಟರಿನಲ್ಲಿ ಕುಳಿತವರಿಗೆ ಈ ಶೇಕಡಾವಾರು ಮನುಷ್ಯರೂಪದಲ್ಲಿ ಎದುರಾಗುತ್ತದೆ. ಒಮ್ಮೆ ಒಬ್ಬನದೇ ಮರಣ ಪ್ರಮಾಣಪತ್ರ ಹಿಡಿದುಕೊಂಡು ಇಬ್ಬರು ಹೆಂಗಸರು ಒಂದೇ ವಾರದಲ್ಲಿ ಬಂದಿದ್ದರು. ಒಬ್ಬಳಲ್ಲಿ ನಿಕಾಹ್‌ನಾಮ, ಇನ್ನೊಬ್ಬಳಲ್ಲಿ ರೇಶನ್ ಕಾರ್ಡು ಮಾತ್ರ. ಇನ್ನೊಬ್ಬಳಿದ್ದಾಳೆಂದು ಇಬ್ಬರಿಗೂ ಅಲ್ಲಿಯ ತನಕ ಗೊತ್ತಿರಲಿಲ್ಲ. ಶರೀಯತ್ತಿನ ಲೆಕ್ಕ ಸ್ಪಷ್ಟವಾಗಿದೆ: ಸಾಲ ಮತ್ತು ಮೆಹರ್ ತೀರಿದ ಮೇಲೆ, ಮಕ್ಕಳಿದ್ದರೆ ಪತ್ನಿಯರಿಗೆಲ್ಲ ಸೇರಿ ಎಂಟನೇ ಒಂದು ಪಾಲು. ಇಬ್ಬರಿದ್ದರೆ ತಲಾ ಹದಿನಾರನೇ ಒಂದು. ಹಿಂದೂ ಪುರುಷನ ಎರಡನೆಯವಳಿಗೆ ಪತ್ನಿಯೆಂಬ ನೆಲೆಯಲ್ಲಿ ಇಷ್ಟೂ ಇಲ್ಲ, ಆ ಮದುವೆಯೇ ಅಸಿಂಧು. ಆದರೆ ಕಾಗದವಿಲ್ಲದೆ ಹದಿನಾರನೇ ಒಂದನ್ನು ಕೇಳುವುದಾದರೂ ಹೇಗೆ? ಆದುದರಿಂದ ನೋಂದಣಿ ಬೇಕು ಎಂಬ ನಮ್ಮ ಉಚ್ಚ ನ್ಯಾಯಾಲಯದ ನಿಲುವು ಎರಡನೆಯವಳಿಗೆ, ಮೂರನೆಯವಳಿಗೆ ಉಪಕಾರವೇ.

ಮೊದಲನೆಯವಳ ಗತಿ? ಇದಕ್ಕೆ ಉತ್ತರ ಕೇರಳದಿಂದ ಬಂದಿದೆ. ಕಾಸರಗೋಡು ಜಿಲ್ಲೆಯ ತೃಕ್ಕರಿಪುರ ಗ್ರಾಮ ಪಂಚಾಯತಿ ಎರಡನೇ ಮದುವೆಯನ್ನು ನೋಂದಾಯಿಸದೆ ಇದ್ದಾಗ ದಂಪತಿ ನ್ಯಾಯಾಲಯಕ್ಕೆ ಹೋದರು. 2025ರಲ್ಲಿ ಕೇರಳ ಉಚ್ಚ ನ್ಯಾಯಾಲಯ ಅರ್ಜಿಯನ್ನು ವಜಾ ಮಾಡಿತು. ಮೊದಲ ಪತ್ನಿ ಇರುವಾಗ ಅವಳಿಗೆ ನೋಟೀಸು ಕೊಟ್ಟು ಅಹವಾಲು ಕೇಳಬೇಕು, ಅವಳು ಆಕ್ಷೇಪಿಸಿದರೆ ಸಿವಿಲ್ ನ್ಯಾಯಾಲಯಕ್ಕೆ ಕಳುಹಿಸಬೇಕು ಎಂದಿತು. ಇಲ್ಲಿ ಧರ್ಮದ ಅನುಮತಿಯನ್ನು ಯಾರೂ ಕಿತ್ತುಕೊಂಡಿಲ್ಲ. ಮನೆಯವಳಿಗೆ ಹೇಳದೆ ಮೊಹರು ಒತ್ತುವುದು ಬೇಡ ಎಂದಿದ್ದಾರೆ, ಅಷ್ಟೇ. ಮಹಾರಾಷ್ಟ್ರ ಸರಕಾರವೂ ತನ್ನ ನೋಂದಣಿ ನಿಯಮಗಳಲ್ಲಿ ಇಂತಹ ನೋಟೀಸನ್ನು ಕಡ್ಡಾಯ ಮಾಡಬೇಕು.

ಈ ಕೂಗು ಮುಂಬಯಿಗೆ ಹೊಸತೂ ಅಲ್ಲ. 1966ರ ಏಪ್ರಿಲ್ 18ರಂದು ಹಮೀದ್ ದಳವಾಯಿಯವರ ನೇತೃತ್ವದಲ್ಲಿ ಏಳು ಮಂದಿ ಮುಸ್ಲಿಂ ಮಹಿಳೆಯರು ತಲಾಖ್ ಮತ್ತು ಬಹುಪತ್ನಿತ್ವದ ವಿರುದ್ಧ ಇದೇ ನಗರದಲ್ಲಿ ಮೆರವಣಿಗೆ ಹೊರಟಿದ್ದರು. ಬರೇ ಏಳು ಮಂದಿ!

ಸರಕಾರ ತಡ ಮಾಡಿದರೂ ಜಮಾತ್‌ಗಳು ಕಾಯಬೇಕಾಗಿಲ್ಲ. ಗಂಡ ಇನ್ನೊಂದು ಮದುವೆಯಾದರೆ ಪತ್ನಿಗೆ ತಾನೇ ಬಿಡುಗಡೆ ಪಡೆಯುವ ಹಕ್ಕಿರುವಂತೆ ನಿಕಾಹ್‌ನಾಮದಲ್ಲಿ ಷರತ್ತು ಬರೆಸಲು ಇಸ್ಲಾಮಿ ಕಾನೂನಿನಲ್ಲೇ ಅವಕಾಶವಿದೆ. ಭಾರತದ ನ್ಯಾಯಾಲಯಗಳೂ ಅದನ್ನು ಮಾನ್ಯ ಮಾಡಿವೆ. ಊರಿನಿಂದ ಬಂದು ಇಲ್ಲಿ ನೆಲೆಸಿರುವ ನಮ್ಮ ಬ್ಯಾರಿ ಬಂಧುಗಳ ಹಿರಿಯರು ಮುಂದಿನ ನಿಕಾಹ್‌ನಾಮ ಪುಸ್ತಕ ಅಚ್ಚು ಹಾಕಿಸುವಾಗ ಆ ಒಂದು ಕಾಲಂ ಸೇರಿಸಲು ಅಡ್ಡಿಯೇನು?