ಅಂಗಳವನ್ನರಿಯದ ಅಭಿಮಾನ

೧೯೫೬ನೆಯ ನವೆಂಬರ್ ೧ರಂದು ಕರ್ನಾಟಕದ ಏಕೀಕರಣವು ನೆರವೇರಿತೆಂದು ನಾವು ವರುಷ ವರುಷವೂ ಉತ್ಸವವನ್ನಾಚರಿಸುತ್ತೇವೆ. ಮದರಾಸಿನ ಆಡಳಿತಕ್ಕೊಳಪಟ್ಟಿದ್ದ ದಕ್ಷಿಣ ಕನ್ನಡವು ಅಂದು ತಾಯ್ನಾಡನ್ನು ಕೂಡಿತು. ಕಾಸರಗೋಡು ಕೇರಳದ ಪಾಲಾಯಿತು, ಆ ಗಾಯವಿನ್ನೂ ಮಾಯ್ದಿಲ್ಲ. ಆದರೆ ಭೂಪಟದಲ್ಲಿ ಕೂಡಿದ ನಾಡು ಮನಸ್ಸಿನಲ್ಲಿಯೂ ಕೂಡಿತೇ?

ಘಟ್ಟದ ಮೇಲಣ ಕನ್ನಡಿಗನು ಕರಾವಳಿಗೆ ಬರುತ್ತಾನೆ, ಧರ್ಮಸ್ಥಳದಲ್ಲಿ ಕೈಮುಗಿಯುತ್ತಾನೆ, ಮಂಗಳೂರಿನ ಕಡಲನ್ನು ನೋಡಿ ಹಿಂದಿರುಗುತ್ತಾನೆ. ಮಂಗಳೂರಿನ ಸುಶಿಕ್ಷಿತನೋ, ಬಿ.ಸಿ. ರೋಡಿನಲ್ಲಿ ಬಸ್ಸು ನಿಂತ ಹೊತ್ತನ್ನು ಶಪಿಸುವನೇ ಹೊರತು, ಆ ಎರಡಕ್ಷರದಲ್ಲಿ ಅಡಗಿಹೋದ ಬಂಟ್ವಾಳವು ಒಂದು ಕಾಲಕ್ಕೆ ಘಟ್ಟದ ಸರಕನ್ನು ನೇತ್ರಾವತಿಯ ದೋಣಿಗಳಿಗೇರಿಸುತ್ತಿದ್ದ ದೊಡ್ಡ ಪೇಟೆಯೆಂಬುದನ್ನು ಅರಿಯನು.

“ಅದು ತುಳುನಾಡಲ್ಲವೇ? ಕನ್ನಡಕ್ಕೆ ಅದರಿಂದಾದುದೇನು?” ಎಂದು ಕೇಳುವ ಮಹನೀಯರೂ ಉಂಟು. ಅವರಿಗೆ ಉತ್ತರವು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿಯೇ ಇದೆ. ತುಳು ಮನೆಮಾತಾದ ಸೀಮೆಯ ಮೂಡುಬಿದಿರೆಯಲ್ಲಿ, ಹದಿನಾರನೆಯ ಶತಮಾನದಲ್ಲಿ ಬಾಳಿದ ರತ್ನಾಕರವರ್ಣಿಯು ಭರತೇಶವೈಭವವನ್ನು ತಿಳಿಗನ್ನಡದ ಸಾಂಗತ್ಯದಲ್ಲಿ ರಚಿಸಿದನು. ೧೮೭೪ರಲ್ಲಿ ಬಂಟ್ವಾಳದಲ್ಲಿ ಜನಿಸಿದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಕನ್ನಡದ ಮಕ್ಕಳಿಗೆ ಹಾಡನ್ನೂ ಕತೆಯನ್ನೂ ಇತ್ತವರು ಅವರು. ನಿಜಾಮನ ಆಳಿಕೆಯ ರಾಯಚೂರಿನಲ್ಲಿ ೧೯೩೪ರ ಸಾಹಿತ್ಯ ಸಮ್ಮೇಳನವು ನೆರೆದಾಗ ಅಧ್ಯಕ್ಷಪೀಠವನ್ನೇರಿದವರೂ ಅವರೇ. ರಾಜ್ಯವು ಒಂದಾಗುವುದಕ್ಕೆ ೨೨ ವರುಷ ಮೊದಲೇ ನೇತ್ರಾವತಿಯ ತೀರದವರನ್ನು ಕೃಷ್ಣಾ ತುಂಗಭದ್ರೆಗಳ ನಡುವಣ ಜನರು ತಮ್ಮವರೆಂದು ಬರಮಾಡಿಕೊಂಡಿದ್ದರು! ಇಲ್ಲಿ ಕನ್ನಡವು ಹುಟ್ಟುಮಾತಿನ ಹಕ್ಕೊಂದರಿಂದಲೇ ಬೆಳೆಯಲಿಲ್ಲ. ಬೇರೆ ಮನೆಮಾತಿನವರ ಒಲವಿನಿಂದಲೂ ಬೆಳೆಯಿತು. ತುಳುವನ್ನು ಕೀಳ್ಗಳೆವ ಕನ್ನಡಾಭಿಮಾನವು ತನ್ನ ಕಾಲಿಗೆ ತಾನೇ ಕೊಡಲಿಯಿಕ್ಕಿಕೊಳ್ಳುವುದು.

ಇನ್ನೊಂದು ಸಂಗತಿಯನ್ನು ನಮ್ಮ ವಿದ್ಯಾವಂತರು ಮನಗಾಣಲಿ. ಧವಲ, ಜಯಧವಲ, ಮಹಾಧವಲಗಳೆಂಬ ಪ್ರಾಕೃತ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳು ಹಳೆಯ ಕನ್ನಡ ಲಿಪಿಯಲ್ಲಿ ಮೂಡುಬಿದಿರೆಯ ಬಸದಿಯೊಳಗೆ ಶತಮಾನಗಳ ಕಾಲ ಉಳಿದುಬಂದುವು. ಕನ್ನಡದ ಅಕ್ಷರಗಳು ಕಾಪಾಡಿದ ಧವಲವು ಅಚ್ಚಿನ ಮುಖವನ್ನು ಕಂಡುದೆಲ್ಲಿ? ೧೯೩೯ರಲ್ಲಿ, ದೂರದ ಅಮರಾವತಿಯಲ್ಲಿ, ನಾಗರಿಯಲ್ಲಿ, ಹಿಂದೀ ಅನುವಾದದೊಡನೆ! ಅದನ್ನು ಸಂಪಾದಿಸಿದ ಹೀರಾಲಾಲ ಜೈನರಿಗೆ ನಮ್ಮ ವಂದನೆಗಳು ಸಲ್ಲಲಿ. ಆದರೆ ಮನೆಯ ಕಣಜದ ಬೆಲೆಯನ್ನು ನೆರೆಯೂರಿನವರು ಹೇಳುವ ತನಕ ಮಲಗಿದ್ದ ಯಜಮಾನನನ್ನು ಏನೆಂದು ಕರೆಯೋಣ?

ಉಪಾಧ್ಯಾಯರೇ, ಈ ಕೊರತೆಯನ್ನು ಸರಕಾರದ ಆಜ್ಞೆಯು ನೀಗಿಸಲಾರದು, ನೀವು ನೀಗಿಸಬಲ್ಲಿರಿ. ನಿಮ್ಮ ವಿದ್ಯಾರ್ಥಿಗಳನ್ನು ಕಡಲ ದಡದಲ್ಲಿಯೇ ನಿಲ್ಲಿಸಬೇಡಿರಿ, ಹೊಳೆಯ ಜಾಡಿನಲ್ಲಿ ಒಳನಾಡಿಗೆ ಕರೆತನ್ನಿರಿ. ಮೂಡುಬಿದಿರೆಯಲ್ಲಿ ೧೪೩೦ರ ಸಾವಿರಕಂಬದ ಬಸದಿಯನ್ನು ತೋರಿಸಿರಿ. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ೧೬೦೪ರಲ್ಲಿ ತಿಮ್ಮಣ್ಣ ಅಜಿಲನು ನಿಲ್ಲಿಸಿದ ೩೫ ಅಡಿಯ ಗೊಮ್ಮಟನ ಮುಂದೆ ಅವರನ್ನು ನಿಲ್ಲಿಸಿರಿ. ಜಮಲಾಬಾದಿನ ಬಂಡೆಯ ಮೇಲೆ ಟಿಪ್ಪುವು ಕೋಟೆಯನ್ನೇಕೆ ಕಟ್ಟಿಸಿದನೆಂದು ಅವರನ್ನೇ ಕೇಳಿರಿ. ಬಂಟ್ವಾಳದ ಹಳೆಯ ಪೇಟೆಯಲ್ಲಿ ನಿಂತು ಪಂಜೆಯವರ ಹಾಡೊಂದನ್ನು ಅವರಿಂದ ಹಾಡಿಸಿರಿ. ಇದು ಹೆಚ್ಚೆಂದರೆ ಎರಡು ದಿನದ ಪಯಣ. ನಾಡನ್ನು ಕಾಲಿನಿಂದ ಅಳೆದ ಮಗುವಿಗೆ ಏಕೀಕರಣದ ಪಾಠವನ್ನು ಬೇರೆ ಹೇಳಬೇಕಾಗಿಲ್ಲ.