ಕಾರಿನೊಳಗೊಂದು ಪಂಪ್‌ಸೆಟ್

ಮಲಪ್ರಭೆಯ ದಂಡೆಯಲ್ಲಿ ಪಂಪ್‌ಸೆಟ್ ನೋಡದ ವಿದ್ಯಾರ್ಥಿ ರಾಮದುರ್ಗ, ಸವದತ್ತಿಗಳಲ್ಲಿ ಸಿಗಲಾರ. ಅಂಥದೇ ಪುಟ್ಟ ಪಂಪೊಂದು ಕಾರಿನ ಎಂಜಿನ್ನಿನಲ್ಲೂ ಇದೆ. ತತ್ವವೂ ಒಂದೇ: ರೆಕ್ಕೆಯ ಚಕ್ರ ತಿರುಗಿದಂತೆ ನಡುವಿನ ನೀರು ಅಂಚಿಗೆ ಚಿಮ್ಮಿ ಕೊಳವೆ ಸೇರುತ್ತದೆ. ಹೊಲದ ಪಂಪನ್ನು ವಿದ್ಯುತ್ ತಿರುಗಿಸಿದರೆ, ಹೆಚ್ಚಿನ ಕಾರುಗಳಲ್ಲಿ ಎಂಜಿನ್ನೇ ಬೆಲ್ಟಿನ ಮೂಲಕ ಇದನ್ನು ತಿರುಗಿಸುತ್ತದೆ.

ಇದರ ಕೆಲಸವೇನು? ಪೆಟ್ರೋಲು ಉರಿದು ಹುಟ್ಟುವ ಉಷ್ಣದ ಸುಮಾರು ಮೂರನೆಯ ಒಂದು ಪಾಲನ್ನು ತಂಪುದ್ರವ, ಅಂದರೆ ಕೂಲಂಟ್, ಹೊತ್ತೊಯ್ದು ರೇಡಿಯೇಟರಿನಲ್ಲಿ ಗಾಳಿಗೆ ಬಿಡುತ್ತದೆ. ಪಂಪು ನಿಂತರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಕುದಿಯುತ್ತದೆ. ಸಿಲಿಂಡರ್ ಹೆಡ್ ಸೊಟ್ಟಗಾಗಬಹುದು.

ಪಂಪು ಕೆಡುವ ಮೊದಲು ಸೂಚನೆ ಕೊಡುತ್ತದೆ. ಅದರ ಅಡಿಯಲ್ಲೊಂದು ಸಣ್ಣ ರಂಧ್ರವಿರುತ್ತದೆ. ಒಳಗಿನ ಸೀಲು ಸವೆದಾಗ ದ್ರವ ಬೇರಿಂಗಿಗೆ ನುಗ್ಗದೆ ಹೊರಬರಲೆಂದೇ ಅದನ್ನು ಇಟ್ಟಿರುತ್ತಾರೆ. ಅಲ್ಲಿಂದ ಹನಿ ಬೀಳುತ್ತಿದ್ದರೆ ರಂಧ್ರ ಮುಚ್ಚಬೇಡಿ, ಪಂಪು ಬದಲಿಸಿ. ಹೊಲದ ಪಂಪಿನ ಗ್ಲ್ಯಾಂಡಿನಂತೆ ಇದನ್ನು ಬಿಗಿಮಾಡಲು ಬರುವುದಿಲ್ಲ. ಗರಗರ ಸದ್ದು, ಮೇಲೇರುವ ಉಷ್ಣತೆಯ ಮುಳ್ಳು ಇನ್ನೆರಡು ಸೂಚನೆಗಳು. ಟೈಮಿಂಗ್ ಬೆಲ್ಟಿನಿಂದ ಪಂಪು ತಿರುಗುವ ಕಾರಾದರೆ, ಬೆಲ್ಟು ಬದಲಿಸುವಾಗಲೇ ಪಂಪನ್ನೂ ಬದಲಿಸುವುದು ಲೇಸು. ಬಿಚ್ಚುವ ಕೂಲಿ ಒಂದೇ ಸಲಕ್ಕೆ ಮುಗಿಯುತ್ತದೆ. ಗ್ಯಾಸ್ಕೆಟ್ ಹೊಸದಿರಲಿ, ಒಳಗೆ ಸಿಕ್ಕಿದ ಗಾಳಿಯನ್ನು ಹೊರಹಾಕಿಸಲು ಮರೆಯಬೇಡಿ.

ಬೋರ್‌ವೆಲ್ಲಿನ ಗಡಸು ನೀರು ಸುರಿಯುವುದು ಬೇಡ. ಬಚ್ಚಲ ಹಂಡೆಯೊಳಗೆ ಕಟ್ಟುವ ಬಿಳಿ ಪದರವೇ ರೇಡಿಯೇಟರಿನಲ್ಲೂ ಕಟ್ಟುತ್ತದೆ. ಕಾರಿನ ಪುಸ್ತಕ ಹೇಳಿದ ಕೂಲಂಟನ್ನೇ ಹಾಕಿ; ಅದರಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿರುತ್ತವೆ. ಅವು ಕಾಲಕ್ರಮೇಣ ಸತ್ವ ಕಳೆದುಕೊಳ್ಳುವುದರಿಂದ ಅವಧಿಗೆ ತಕ್ಕಂತೆ ಬದಲಿಸಬೇಕು.

ಬೇಸಿಗೆಯಲ್ಲಿ ಯಲ್ಲಮ್ಮನ ಗುಡ್ಡ ಹತ್ತುವಾಗಲೋ, ಕಿತ್ತೂರಿನ ಹೆದ್ದಾರಿಯಲ್ಲೋ ಮುಳ್ಳು ಕೆಂಪು ಗೆರೆ ಮುಟ್ಟಿದರೆ ಏನು ಮಾಡಬೇಕು? ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರೂ ಕೆಳಗಿಳಿಯಿರಿ. ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಮುಟ್ಟಬೇಡಿ. ಪ್ರೆಶರ್ ಕುಕ್ಕರಿನಂತೆ ಒತ್ತಡದಲ್ಲಿರುವ ನೀರು 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯುವುದಿಲ್ಲ. ಮುಚ್ಚಳ ತೆರೆದೊಡನೆ ಒತ್ತಡ ಇಳಿದು, ಕ್ಷಣದಲ್ಲಿ ಉಗಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಹೊತ್ತಾದರೂ ಸರಿ, ಎಂಜಿನ್ ಪೂರ್ತಿ ಆರುವವರೆಗೆ ಕಾಯಿರಿ. ಕಾದ ಎಂಜಿನ್ನಿಗೆ ತಣ್ಣೀರನ್ನೂ ಸುರಿಯಬೇಡಿ, ಲೋಹ ಬಿರಿದೀತು.

ವಿದ್ಯಾರ್ಥಿಗಳಿಗೊಂದು ಕೆಲಸ: ಬೆಳಿಗ್ಗೆ ಕಾರು ಹೊರಡುವ ಮೊದಲು ಅದು ನಿಂತ ನೆಲ ನೋಡಿ. ಎ.ಸಿ.ಯಿಂದ ಬಿದ್ದ ನೀರಿಗೆ ಬಣ್ಣವಿರುವುದಿಲ್ಲ, ಅದರಿಂದ ಚಿಂತೆಯಿಲ್ಲ. ಹಸಿರೋ ಗುಲಾಬಿಯೋ ಆದರೆ ಅದು ಕೂಲಂಟ್. ಅದು ವಿಷ, ರುಚಿ ಸಿಹಿಯಾದ್ದರಿಂದ ನಾಯಿ, ದನ ನೆಕ್ಕಿಯಾವು. ನೆಲ ತೊಳೆಸಿ, ಅಪ್ಪನಿಗೆ ಅಂದೇ ಹೇಳಿ.