ಶಾಸಕರ ಮಾತು, ನಮ್ಮ ಮಕ್ಕಳ ಮಾತು



ಕಾಂಗ್ರೆಸ್ಸಿನ ಕೆ. ಗೋಪಿನಾಥರನ್ನು ಹೊಸೂರಿನ ಮತದಾರರು 2001, 2006, 2011ರಲ್ಲಿ ಮೂರು ಸಲ ವಿಧಾನಸಭೆಗೆ ಆರಿಸಿದರು, 2016ರಲ್ಲಿ ಸೋಲಿಸಿದರು. 2024ರಲ್ಲಿ ಕೃಷ್ಣಗಿರಿಯಿಂದ ಲೋಕಸಭೆಗೆ ಗೆದ್ದ ಅವರು ಅಲ್ಲಿ ತೆಲುಗಿನಲ್ಲೇ ಪ್ರಮಾಣವಚನ ಸ್ವೀಕರಿಸಿದರು. ಗಡಿನಾಡಿನ ಮಾತು ದಿಲ್ಲಿಯಲ್ಲಿ ಕೇಳಿಸಿದ್ದು ಸಣ್ಣ ಸಂಗತಿಯಲ್ಲ. ಕನ್ನಡದವರಾದ ನಮಗೂ ಸಂತೋಷವೇ.

ಅವರು ಶಾಸಕರಾಗಿದ್ದಾಗಲೇ, 2006ರ ಕಾಯಿದೆಯಂತೆ, ಶಾಲೆಗಳಲ್ಲಿ ಒಂದನೇ ತರಗತಿಯಿಂದ ತಮಿಳು ಕಡ್ಡಾಯವಾಯಿತು. ಮಕ್ಕಳು ತಮಿಳು ಕಲಿಯಲಿ. ಕೆಲಸಕ್ಕೂ ಬೇಕು, ಆಸ್ಪತ್ರೆಗೂ ಬೇಕು. ಅದಕ್ಕಾಗಿ ಕನ್ನಡ ಬಿಡಬೇಕೇ? ಓಟು ಕೇಳಲು ಸಾನಮಾವಿಗೆ ಬರುವವರ ಮುಂದೆ ಆನೆ ಕಾಟ, ರಸ್ತೆ ಎಂದು ಹೇಳಿಕೊಳ್ಳುತ್ತೇವೆ, ಹೇಳಲೇಬೇಕು. ಮುಂದಿನ ಸಲ ಕನ್ನಡ ಮೇಷ್ಟ್ರ ವಿಷಯವನ್ನೂ ಕೇಳೋಣ. ಬರೀ ಬಾಯಿಮಾತಿನಲ್ಲಲ್ಲ, ಅರ್ಜಿ ಬರೆದು, ಎಲ್ಲರೂ ರುಜು ಹಾಕಿ.